ಇಪ್ಪತ್ತೈದು ಅಡಿಯ ಮೇಲೆ

ಆನೆ ಬಂದು ಪಂಪು ಮೆಟ್ಟಿದ್ದು ಇದು ಮೂರನೇ ಸಲ.
ಕೆರೆದಂಡೆಯ ಶೆಡ್ಡು ಚಪ್ಪಟೆ, ಸಕ್ಷನ್ ಪೈಪು ಸೊಟ್ಟ.
"ಮೇಲೆ ಕೂರಿಸಿಬಿಡು ಮೊಯ್ದು, ಆ ಬಳಂಜಿಯ ಬುಡಕ್ಕೆ.
ಅಲ್ಲಿ ಬಂಡೆ, ಆನೆ ಹತ್ತೋದಿಲ್ಲ"
ಅಂದರು ಬೊಳ್ಳಮ್ಮ ಟೀಚರು.

ಟೇಪು ಹಿಡಿದೆ. ನೀರಿನಿಂದ ನಲವತ್ತು ಅಡಿ.
ಆಗೋದಿಲ್ಲ ಅಂದೆ.
ಸುಂಟಿಕೊಪ್ಪದಲ್ಲಿ ಹತ್ತೊಂಬತ್ತು ವರ್ಷ ಪಂಪು ಬಿಚ್ಚಿದವನು ನಾನು;
ಇಪ್ಪತ್ತೈದಕ್ಕೆ ಏದುಸಿರು, ಮೂವತ್ತನಾಲ್ಕಕ್ಕೆ
ಯಾವ ಕಂಪನಿಯದೂ ಎತ್ತದು.
ನಾವು ನೀರನ್ನ ಎಳೆಯೋದೇ ಇಲ್ಲ ಟೀಚರ್,
ಪೈಪಿನ ಗಾಳಿ ತೆಗೀತೀವಿ, ಅಷ್ಟೇ.
ಹೊರಗಿನ ಗಾಳಿ ಕೆರೆಯ ಮೇಲೆ ಕೂತು ಒತ್ತುತ್ತೆ.
ಅದರ ತೂಕ ಮುಗಿದಲ್ಲಿಗೆ ನಮ್ಮ ಕಸುಬೂ ಮುಗೀತು.

ಅವರು ಮಾತಾಡಲಿಲ್ಲ. ಬಳಂಜಿಯನ್ನು ನೋಡಿದರು,
ಬುಡದಿಂದ ಮೇಲಕ್ಕೆ, ನಿಧಾನ,
ಕುತ್ತಿಗೆ ಸಾಕೆನ್ನುವ ತನಕ.
ನಾನೂ ನೋಡಿದೆ.
ನೂರಿಪ್ಪತ್ತು ಅಡಿ ಇದ್ದೀತು.
ಫೆಬ್ರವರಿ ಕೊನೆ, ಹೂಮಳೆಯ ಸುಳಿವಿಲ್ಲ,
ಕಾಫಿಯ ಮೊಗ್ಗು ಹಲ್ಲು ಕಚ್ಚಿ ಕೂತಿದೆ,
ಆ ತುದಿಯಲ್ಲಿ ಮಾತ್ರ ತಾಮ್ರದ ಚಿಗುರು
ಈಗಷ್ಟೇ ತೊಳೆದಿಟ್ಟ ಹಾಗೆ.

ಬುಡಕ್ಕೆ ಕಿವಿಯಿಟ್ಟೆ, ಅಭ್ಯಾಸ.
ಬೇರಿಂಗಿನ ಸದ್ದಿಲ್ಲ.
ಕಿವಿಯೊಳಗೆ ಒಂದು ಇರುವೆ ಹೊಕ್ಕಿತು.

"ತಳ್ಳುವವರು ಯಾರೂ ಇಲ್ಲ ಮೊಯ್ದು.
ಮೇಲೆ ಒಂದೆಲೆ ಬಾಯಿ ತೆರೆಯುತ್ತದೆ,
ಹನಿಯ ಚೂರಿನ ಚೂರು ಬಿಸಿಲಿಗೆ ಹೋಗುತ್ತದೆ.
ಹೋಗುವಾಗ ಹಿಂದಿನದರ ಕೈ ಬಿಡುವುದಿಲ್ಲ,
ಅದು ತನ್ನ ಹಿಂದಿನದರದ್ದು,
ಹೀಗೇ ಸಾಲು, ಕೂದಲಿಗಿಂತ ಸಪೂರ ಕೊಳವೆಯೊಳಗೆ,
ಬೇರಿನ ತನಕ, ಬೇರಿನಾಚೆಯ ಮಣ್ಣಿನ ತನಕ."

ಅಂದರೆ ದಾಹವೇ ಮೋಟರಾ?
"ಖರ್ಚಾಗುವುದು. ಅದೇ ಮೋಟರು."

ಗಾಳಿ ಹಿಡಿದರೆ? ಎಂದೆ.
ಟೀಚರು ನಕ್ಕರು. ಮಡಿಕೇರಿಯ ಕ್ಲಾಸಿನಲ್ಲಿ
ಮೂವತ್ತು ವರ್ಷ ಯಾರೂ ಕೇಳಿರಲಿಲ್ಲವಂತೆ.
ಹಿಡಿಯುತ್ತದೆ, ಇಂಥ ಬೇಸಗೆಯಲ್ಲೇ.
ಬಿಗಿದು ಬಿಗಿದು ನೀರಿನ ದಾರ ಪಟ್ಟನೆ ಹರಿಯುತ್ತದೆ,
ನಮ್ಮ ಕಿವಿಗೆ ಸಿಕ್ಕದ ಸದ್ದು;
ಗುಳ್ಳೆ ಕೊಳವೆಯುದ್ದಕ್ಕೂ ಕಾಲು ಚಾಚುತ್ತದೆ.
ಗೋಡೆಯಲ್ಲಿ ಜರಡಿಗಣ್ಣು: ನೀರು ನುಸುಳುತ್ತದೆ,
ಗುಳ್ಳೆಗೆ ಆಗದು.
ಪಕ್ಕದ ಕೊಳವೆಯಲ್ಲಿ ನೀರು ಮುಂದುವರಿಯುತ್ತದೆ.

ನನ್ನ ಹತ್ತೊಂಬತ್ತು ವರ್ಷ ಕಣ್ಣ ಮುಂದೆ ಬಂತು.
ಗಾಳಿ ಹಿಡಿದ ಒಂದೊಂದು ಪಂಪಿಗೂ
ಕತ್ತಲಲ್ಲಿ, ಜಿಗಣೆಯ ನಡುವೆ, ಕೊಡಗಟ್ಟಲೆ ನೀರು ಹೊಯ್ದದ್ದು.

ಆಮೇಲೆ ಅವರೇ, ಸಣ್ಣ ದನಿಯಲ್ಲಿ:
"ಆ ಕೊಳವೆಗಳೆಲ್ಲ ಸತ್ತವು, ಗೊತ್ತಾ?
ಜೀವವಿದ್ದಾಗ ಒಳಗೆ ತುಂಬಿಕೊಂಡಿದ್ದವು, ನೀರಿಗೆ ಜಾಗವಿರಲಿಲ್ಲ.
ಒಳಗಿದ್ದದ್ದನ್ನು ತಾವೇ ಕರಗಿಸಿ
ಗೋಡೆಯಷ್ಟೇ ಬಿಟ್ಟು ಹೋದವು."
ಕೈಮಡದ ಕಡೆ ಒಮ್ಮೆ ನೋಡಿದರು.
ನಾನು ಸ್ಪ್ಯಾನರು ಒರೆಸಿದೆ. ಅದು ಆಗಲೇ ಒರೆಸಿದ್ದೇ.

ಕೊನೆಗೆ ಪಂಪು ಕೂತದ್ದು ನಡುವೆ, ಇಪ್ಪತ್ತೆರಡು ಅಡಿಗೆ,
ಕಬ್ಬಿಣದ ಪಂಜರದೊಳಗೆ.
ಅಲ್ಲಿವರೆಗೆ ಎಳೆತ, ಮಿಕ್ಕದ್ದು ತಳ್ಳು; ನನಗೆ ಗೊತ್ತಿರುವುದು ಅಷ್ಟೇ.
ಫುಟ್‌ವಾಲ್ವು ಸೋರುತ್ತಿತ್ತು, ನಾಲ್ಕು ಕೊಡ ಹೊಯ್ದೆ,
ಸ್ಪ್ರಿಂಕ್ಲರು ಕೆಮ್ಮಿ ಕೆಮ್ಮಿ ತಿರುಗಿತು.
ಎಂಟು ದಿನ ಕಳೆದು ಫೋನು: "ಹೂ ಬಂದಿದೆ ಮೊಯ್ದು,
ವಾಲ್ವು ಇನ್ನೂ ಸೋರುತ್ತಿದೆ."

ಅಂದಿನಿಂದ ಒಂದು ಚಟ.
ಬೈಕು ನಿಲ್ಲಿಸಿ ಮರದ ಅಡಿ ಎಣಿಸುತ್ತೇನೆ.
ಬುಡದಲ್ಲಿ ಉಚ್ಚೆ ಹೊಯ್ಯಲು ನಾಚಿಕೆ,
ಮೇಲೆ ಯಾರೋ ಕುಡಿಯುತ್ತಿದ್ದಾರೆ.
ಏನು ನೋಡ್ತೀರಿ ಅಷ್ಟೊತ್ತು, ಅನ್ನುತ್ತಾಳೆ ಆಸ್ಯ,
ಹಿಂದಿನ ಸೀಟಿನಲ್ಲಿ ಮೀನಿನ ಚೀಲ ಹಿಡಿದು.
ಕೆಲಸ ನಡೀತಿದೆ,
ನೋಡ್ತಿದ್ದೀನಿ.